ಬೈಲಕುಪ್ಪೆಯವರು, ನಮ್ಮವರು ಮತ್ತು 1990ರ ಒಂದು ಕಾಯ್ದೆ

ಬೈಲಕುಪ್ಪೆ ಅಂದರೆ ಹೆಚ್ಚಿನವರಿಗೆ ಗೋಲ್ಡನ್ ಟೆಂಪಲ್, ಮೋಮೋ, ಅಷ್ಟೆ. ಪಿರಿಯಾಪಟ್ಟಣ ತಾಲ್ಲೂಕಿನ ನಮಗೆ ಟಿಬೆಟನ್ನರು ಪಕ್ಕದ ಹೊಲದವರು. 1960ರಲ್ಲಿ ಆಗಿನ ಮೈಸೂರು ಸರ್ಕಾರ ಕೊಟ್ಟ ಸುಮಾರು 3,000 ಎಕರೆಯಲ್ಲಿ ಕಾಡು ಕಡಿದು ಜೋಳ ಬೆಳೆದವರು, ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರುವವರು. ಆಮೇಲೆ ಹುಣಸೂರಿನ ಗುರುಪುರದಲ್ಲೂ ನೆಲೆ ನಿಂತರು.

ಅವರ ಮಕ್ಕಳೂ ಅಮೆರಿಕಕ್ಕೆ ಹೋದರು, ನಮ್ಮ ಹೊಗೆಸೊಪ್ಪು ಬೆಳೆಗಾರರ ಮಕ್ಕಳೂ ಹೋದರು. ಎರಡೂ ದಾರಿ ಒಂದೇ ಕಾಯ್ದೆಯಲ್ಲಿವೆ ಅಂತ ನಿಮಗೆ ಗೊತ್ತೇ? 1990ರ ನವೆಂಬರ್ 29ರಂದು ಜಾರ್ಜ್ ಬುಷ್ (ಅಪ್ಪ ಬುಷ್, ಮಗ ಅಲ್ಲ) ಸಹಿ ಹಾಕಿದ ವಲಸೆ ಕಾಯ್ದೆ ಅದು. ಅದರ 134ನೇ ಸೆಕ್ಷನ್ ಭಾರತ, ನೇಪಾಳದಲ್ಲಿದ್ದ ಟಿಬೆಟನ್ನರಿಗೆ 1,000 ವೀಸಾ ಕೊಟ್ಟಿತು. ಇನ್ನೊಂದು ಕಡೆ ವರ್ಷಕ್ಕೆ 65,000ದ ಮಿತಿ ಹಾಕಿ ಎಚ್-1ಬಿ ಹುಟ್ಟಿಸಿತು.

ವ್ಯತ್ಯಾಸ ಕಾಣೋದು ಮದುವೆಯಾದವರಲ್ಲಿ.

ಟಿಬೆಟನ್ನರಿಗೆ ಸಿಕ್ಕಿದ್ದು ಗ್ರೀನ್ ಕಾರ್ಡ್. ನಿರಾಶ್ರಿತರ ಸವಲತ್ತು ಇಲ್ಲ, ದುಡಿದೇ ತಿನ್ನಬೇಕು. ಇದ್ದದ್ದೇ ಸಾವಿರ ವೀಸಾ, ಹಾಗಾಗಿ 1992ರಿಂದ ಹೆಚ್ಚಾಗಿ ಮನೆಗೊಬ್ಬರಂತೆ ಹೊರಟರು. ಗಂಡನೋ ಹೆಂಡತಿಯೋ ಮಕ್ಕಳ ಜೊತೆ ಇಲ್ಲೇ ಉಳಿದು ವರ್ಷಗಟ್ಟಲೆ ಕಾದರು. ಆದರೆ ಒಮ್ಮೆ ಕರೆಸಿಕೊಂಡರೆ ಅವರಿಗೂ ಗ್ರೀನ್ ಕಾರ್ಡ್. ವಿಮಾನ ಇಳಿದ ಮಾರನೇ ದಿನವೇ ಕೆಲಸಕ್ಕೆ ಹೋಗಬಹುದಿತ್ತು.

ನಮ್ಮ ಹುಡುಗಿಯರದು ಉಲ್ಟಾ. ನಮ್ಮ ಚಿಕ್ಕಪ್ಪನ ಮಗಳು ಮೈಸೂರಲ್ಲಿ ಬಿಇ ಮಾಡಿ ಕೆಲಸದಲ್ಲಿದ್ದವಳು. 2006ರಲ್ಲಿ ಮದುವೆ, ಎರಡೇ ತಿಂಗಳಿಗೆ ಗಂಡನ ಹಿಂದೆ ಎಚ್-4 ವೀಸಾದಲ್ಲಿ ಹೊರಟಳು. ಅಲ್ಲಿ ಓದಬಹುದು, ಕಾರು ಓಡಿಸಬಹುದು, ಸಂಬಳಕ್ಕೆ ದುಡಿಯುವ ಹಾಗಿಲ್ಲ. ಕೆ.ಆರ್. ನಗರದಿಂದ ಚಿಕ್ಕಮ್ಮ ಫೋನಿನಲ್ಲಿ "ಯಾಕ್ ಮಗ, ಇನ್ನೂ ಕೆಲ್ಸ ಸಿಕ್ನಿಲ್ವಾ?" ಅಂತ ಕೇಳೋರು. ಹುಟ್ಟಿದಾಗಿನಿಂದ ಗದ್ದೆಗೆ ಇಳಿಯದ ಹೆಂಗಸನ್ನೇ ನೋಡದವರು ಅವರು. ದುಡಿಯೋದಕ್ಕೇ ಅಪ್ಪಣೆ ಬೇಕು ಅಂದರೆ ಹೇಗೆ ನಂಬಿಯಾರು?

ಕಂಪನಿ ವರ್ಗಾವಣೆಯ ಎಲ್-1 ವೀಸಾದವರ ಹೆಂಡತಿಯರಿಗೆ ಆ ಅಪ್ಪಣೆ 2002ರಲ್ಲೇ ಸಿಕ್ಕಿತ್ತು. ಎಚ್-4ಗೆ ಸಿಕ್ಕಿದ್ದು 2015ರ ಮೇ 26ರಂದು, ಅದೂ ಎಲ್ಲರಿಗಲ್ಲ. ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿರಬೇಕು. ಆ ಸಾಲು ಭಾರತೀಯರಿಗೆ ಇಷ್ಟು ಉದ್ದವಾಗಿರೋದಕ್ಕೆ ಒಂದು ದೇಶಕ್ಕೆ ಶೇ. 7ಕ್ಕಿಂತ ಹೆಚ್ಚಿಲ್ಲ ಎಂಬ ನಿಯಮ ಕಾರಣ. ಅದೂ ಇದೇ 1990ರ ಕಾಯ್ದೆಯದು!

ಈ ಹಕ್ಕಿನ ವಿರುದ್ಧ 2015ರಲ್ಲೇ ಹಾಕಿದ ಕೇಸು ಹತ್ತು ವರ್ಷ ನಡೆಯಿತು. 2025ರ ಅಕ್ಟೋಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ವಿಚಾರಣೆಗೆ ಎತ್ತಿಕೊಳ್ಳಲು ಒಪ್ಪಲಿಲ್ಲ, ಹಕ್ಕು ಉಳಿಯಿತು. ಅದೇ ತಿಂಗಳ 30ರಿಂದ ಇನ್ನೊಂದು ಪೆಟ್ಟು. ನವೀಕರಣಕ್ಕೆ ಅರ್ಜಿ ಹಾಕಿದರೆ ಹಳೇ ಕಾರ್ಡು ತಾನಾಗಿ ಮುಂದುವರಿಯುತ್ತಿತ್ತು, ಅದನ್ನು ನಿಲ್ಲಿಸಿದರು. ಹೊಸ ಕಾರ್ಡು ತಡವಾದರೆ ಮನೆಯಲ್ಲಿ ಕೂರಬೇಕು.

ತಂಗಿ ಅಲ್ಲಿ ಮೊದಲ ಸಂಬಳ ತಗೊಂಡಿದ್ದು ಮದುವೆಯಾದ ಒಂಬತ್ತು ವರ್ಷಕ್ಕೆ. ಈಗ ನವೀಕರಣಕ್ಕೆ ಹಾಕಿದ್ದಾಳೆ, ಕಾರ್ಡು ಇನ್ನೂ ಬಂದಿಲ್ಲ.