ಬಳ್ಳಾರಿಯಲ್ಲಿ ತಂಗಿದ ಟಪಾಲು

ಮುಂಬಯಿಯಿಂದ ಚೆನ್ನೈಗೆ ವಿಮಾನದಲ್ಲಿ ಎಷ್ಟು ಹೊತ್ತಿನ ಪ್ರಯಾಣ? ‘ಸುಮಾರು ಎರಡು ಗಂಟೆ’ ಎಂದು ನೀವು ಥಟ್ಟನೆ ಹೇಳುತ್ತೀರಿ. ಸರಿಯಾದ ಉತ್ತರವೇ. ಆದರೆ 1932ರಲ್ಲಿ ಈ ದಾರಿಯಲ್ಲಿ ಮೊದಲ ವಿಮಾನ ಟಪಾಲು ಹೊರಟಾಗ ನಡುವೆ ಒಂದು ಇಡೀ ರಾತ್ರಿ ಕಳೆಯಬೇಕಾಯಿತು. ಅದು ಕಳೆದದ್ದು ನಮ್ಮ ಬಳ್ಳಾರಿಯಲ್ಲಿ.

ಆಗ ಲಂಡನ್ನಿನ ಟಪಾಲನ್ನು ಇಂಪೀರಿಯಲ್ ಏರ್‌ವೇಸ್ ವಿಮಾನಗಳು ಕರಾಚಿಯವರೆಗೆ ತರುತ್ತಿದ್ದವು. ಅಲ್ಲಿಂದ ಮುಂದಕ್ಕೆ ಒಯ್ಯುವ ಹೊಣೆಯನ್ನು ಟಾಟಾ ಸಂಸ್ಥೆ ವಹಿಸಿಕೊಂಡಿತು. 1932ರ ಅಕ್ಟೋಬರ್ 15ರ ಬೆಳಿಗ್ಗೆ 28 ವರ್ಷದ ಜೆ. ಆರ್. ಡಿ. ಟಾಟಾ ಒಂದೇ ಎಂಜಿನ್ನಿನ ಪುಟ್ಟ ‘ಪುಸ್ ಮಾತ್’ ವಿಮಾನದಲ್ಲಿ ಕರಾಚಿ ಬಿಟ್ಟರು. ಅಹಮದಾಬಾದಿನಲ್ಲಿ ಇಳಿದು ಪೆಟ್ರೋಲು ತುಂಬಿಸಿಕೊಂಡರು. ಆ ಪೆಟ್ರೋಲು ಡಬ್ಬಗಳು ಬಂದದ್ದು ಎತ್ತಿನ ಗಾಡಿಯಲ್ಲಿ! ಮಧ್ಯಾಹ್ನದ ಹೊತ್ತಿಗೆ ಜೆ. ಆರ್. ಡಿ. ಮುಂಬಯಿಯ ಜುಹುವಿನಲ್ಲಿ ಇಳಿದರು.

ನಾವು ಕೇಳಿದ ಕಥೆ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ಆದರೆ ಟಪಾಲು ಸೇರಬೇಕಿದ್ದದ್ದು ಮದರಾಸಿಗೆ. ಸರಿಸುಮಾರು ಅರ್ಧ ದಾರಿ ಇನ್ನೂ ಉಳಿದಿತ್ತು. ಅದನ್ನು ಕ್ರಮಿಸಿದವರು ನೆವಿಲ್ ವಿನ್ಸೆಂಟ್. ಈ ಟಪಾಲು ಯೋಜನೆಯನ್ನು ಟಾಟಾರ ಮುಂದಿಟ್ಟವರೂ ಅವರೇ.

ಈಗ ಒಂದು ಲೆಕ್ಕ ಮಾಡೋಣ. ಮುಂಬಯಿ–ಮದರಾಸು ನೇರ ದೂರ ಸುಮಾರು 1,035 ಕಿ.ಮೀ. ಆ ವಿಮಾನದ ವೇಗ ಗಂಟೆಗೆ ಸುಮಾರು 160 ಕಿ.ಮೀ. ಭಾಗಿಸಿದರೆ ಆರೂವರೆ ಗಂಟೆ. ಹಾಗಾದರೆ ರಾತ್ರಿ ತಂಗಿದ್ದೇಕೆ?

ಕಾರಣ ಆಕಾಶದಲ್ಲಿರಲಿಲ್ಲ, ನೆಲದ ಮೇಲಿತ್ತು. ವಿಮಾನದಲ್ಲಿ ರೇಡಿಯೋ ಇರಲಿಲ್ಲ. ಇಳಿದಾಣಗಳಲ್ಲಿ ದಾರಿ ತೋರುವ ದೀಪಗಳಿರಲಿಲ್ಲ. ಕೆಳಗಿನ ನೆಲ ಕಣ್ಣಿಗೆ ಕಂಡರಷ್ಟೇ ಹಾರಾಟ. ಮಧ್ಯಾಹ್ನ ಮುಂಬಯಿ ಬಿಟ್ಟರೆ ಮದರಾಸು ಮುಟ್ಟುವ ಮೊದಲೇ ಕತ್ತಲು.

ನಕ್ಷೆಯ ಮೇಲೆ ಮುಂಬಯಿಯಿಂದ ಚೆನ್ನೈಗೆ ಅಳತೆಪಟ್ಟಿ ಇಟ್ಟು ಗೆರೆ ಎಳೆಯಿರಿ. ಬಳ್ಳಾರಿ ಹೆಚ್ಚುಕಡಿಮೆ ಆ ಗೆರೆಯ ಮೇಲೆಯೇ ಸಿಗುತ್ತದೆ. ಮುಂಬಯಿಯಿಂದ ಸುಮಾರು 615 ಕಿ.ಮೀ., ಅಲ್ಲಿಂದ ಚೆನ್ನೈಗೆ ಸುಮಾರು 430. ಸುತ್ತುದಾರಿ ಎಂದರೆ ಹತ್ತು ಕಿಲೋಮೀಟರಿನ ಆಸುಪಾಸು ಮಾತ್ರ. ಆಗ ಮದರಾಸು ಪ್ರಾಂತ್ಯದಲ್ಲಿದ್ದ ಬಳ್ಳಾರಿಯಲ್ಲಿ ವಿನ್ಸೆಂಟ್ ರಾತ್ರಿ ತಂಗಿ, ಮರುದಿನ ಮದರಾಸು ತಲುಪಿದರು.

ಇಂದಿನ ಜೆಟ್ ವಿಮಾನ ಗಂಟೆಗೆ 800 ಕಿ.ಮೀ. ವೇಗದಲ್ಲಿ ಹಾರುತ್ತದೆ. ಭಾಗಿಸಿದರೆ ಒಂದೂಕಾಲು ಗಂಟೆಗೆ ತುಸು ಹೆಚ್ಚು. ಆದರೂ ವೇಳಾಪಟ್ಟಿಯಲ್ಲಿ ಎರಡು ಗಂಟೆಯ ಹತ್ತಿರ ಇರುತ್ತದೆ. ನೆಲದ ಮೇಲಿನ ಓಡಾಟ, ಏರುವುದು, ಇಳಿಯಲು ಸರದಿ ಕಾಯುವುದು, ಇವೆಲ್ಲ ಸೇರಿದ ಲೆಕ್ಕ ಅದು. ಅಂದರೆ ನೆಲ ತನ್ನ ಪಾಲನ್ನು ಇಂದಿಗೂ ಬಿಟ್ಟುಕೊಟ್ಟಿಲ್ಲ.

ಆ ಟಪಾಲು ಸೇವೆಯೇ ಬೆಳೆದು 1946ರಲ್ಲಿ ಏರ್ ಇಂಡಿಯಾ ಆಯಿತು. ಅದನ್ನು ನೋಡಲು ವಿನ್ಸೆಂಟ್ ಉಳಿದಿರಲಿಲ್ಲ. 1942ರಲ್ಲಿ, ಯುದ್ಧದ ದಿನಗಳ ಒಂದು ವಿಮಾನಯಾನದಲ್ಲಿ ಅವರು ಮಡಿದರು. ಜೆ. ಆರ್. ಡಿ. ಹೆಸರು ನಮ್ಮ ಮಕ್ಕಳಿಗೂ ಗೊತ್ತು. ಮಿಕ್ಕರ್ಧ ದಾರಿ ಕ್ರಮಿಸಿದವರ ಹೆಸರನ್ನೂ, ಆ ರಾತ್ರಿ ನೆಲೆ ಕೊಟ್ಟ ಊರನ್ನೂ ಅವರಿಗೆ ಹೇಳಬೇಕಾದವರು ನಾವೇ ಅಲ್ಲವೆ?