ಕಾಲೇಜಿನ ಅರ್ಜಿ ಮತ್ತು ಭಾಷೆಯ ಪ್ರಶ್ನೆ

ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮ ಕಬ್ಬೂರಿನ ಮನೆಗಳಲ್ಲಿ ಪ್ರತಿ ವರ್ಷ ಒಂದೇ ಮಾತು ಕೇಳಿಬರುತ್ತದೆ. ಮಗನೋ ಮಗಳೋ ಡಿಗ್ರಿಗೆ ಅರ್ಜಿ ತುಂಬುವಾಗ ಭಾಷೆಯ ಕಾಲಂ ಬಳಿ ಪೆನ್ನು ನಿಲ್ಲುತ್ತದೆ. ಕನ್ನಡವೋ, ಉರ್ದುವೋ, ಅರಬ್ಬಿಯೋ, ಹಿಂದಿಯೋ? ಅಬ್ಬಾ ಕೇಳುತ್ತಾರೆ, "ಯಾವುದರಲ್ಲಿ ಮಾರ್ಕ್ಸ್ ಹೆಚ್ಚು ಬೀಳ್ತಾವ?" ಇನ್ನು ಆ ಹುಡುಗಿ ಬಿ.ಎ. ಸೇರಿ ಭಾಷೆಯನ್ನೇ ಮುಖ್ಯ ವಿಷಯವಾಗಿ ಓದುತ್ತೇನೆ ಎಂದರಂತೂ ಮುಗಿಯಿತು. "ಭಾಷಾ ಓದಿ ಏನ್ ಮಾಡ್ತಿ?" ಎಂದು ಮನೆಯವರೆಲ್ಲ ಒಟ್ಟಿಗೆ ಕೇಳುತ್ತಾರೆ. ಈ ಪ್ರಶ್ನೆ ಇವತ್ತಿನದಲ್ಲ. ನಮ್ಮ ಹಿರಿಯರೂ ಇದನ್ನು ಬೇರೆ ಬೇರೆ ರೀತಿಯಲ್ಲಿ ಎದುರಿಸಿದ್ದಾರೆ. ಸಮುದಾಯಕ್ಕೆ ಅದರಿಂದ ಲಾಭವೂ ಆಗಿದೆ, ನಷ್ಟವೂ ಆಗಿದೆ. ಆ ಚರಿತ್ರೆಯನ್ನು ಸ್ವಲ್ಪ ನೋಡೋಣ.

ಮೊದಲು ಮದೀನಾಕ್ಕೆ ಹೋಗೋಣ. ಜುಮಾ ಖುತ್ಬಾಗಳಲ್ಲಿ ಹಝ್ರತ್ ಝೈದ್ ಬಿನ್ ಸಾಬಿತ್(ರ) ಅವರ ಹೆಸರನ್ನು ನಾವು ಕೇಳುವುದು ಹೆಚ್ಚಾಗಿ ಕುರ್‌ಆನ್ ಸಂಗ್ರಹದ ಸಂದರ್ಭದಲ್ಲಿ. ಆದರೆ ಅದಕ್ಕೂ ಮೊದಲು, ಇನ್ನೂ ಹುಡುಗನಾಗಿದ್ದಾಗಲೇ, ಪ್ರವಾದಿ(ಸ) ಅವರಿಗೆ ಯಹೂದಿಗಳ ಬರಹವನ್ನು ಕಲಿಯಲು ಹೇಳಿದ್ದರು. ಅರ್ಧ ತಿಂಗಳೊಳಗೆ ಅವರು ಅದನ್ನು ಕಲಿತರು ಎಂದು ತಿರ್ಮಿದಿಯ ವರದಿ ಹೇಳುತ್ತದೆ. ಆಮೇಲೆ ಪತ್ರಗಳನ್ನು ಓದುವ, ಬರೆಯುವ ಕೆಲಸ ಅವರ ಪಾಲಿಗೆ ಬಂತು. ಬೇರೆಯವರ ಭಾಷೆಯನ್ನು ಅವರಿಂದಲೇ ಓದಿಸಿಕೊಂಡು ನಂಬುವ ಬದಲು ತಾವೇ ಓದುವುದು ಆ ದಿನಗಳ ಅಗತ್ಯವಾಗಿತ್ತು. ಸೂರಾ ಅರ್‌ರೂಮ್‌ನ 22ನೇ ವಚನವು ಮನುಷ್ಯರ ಭಾಷೆಗಳು ಬೇರೆ ಬೇರೆ ಇರುವುದನ್ನೇ ಅಲ್ಲಾಹನ ಕುರುಹುಗಳಲ್ಲಿ ಒಂದೆಂದು ಎಣಿಸುತ್ತದೆ.

ಈಗ ನಮ್ಮ ಸೀಮೆಗೆ ಬರೋಣ. ಚಿಕ್ಕೋಡಿ, ರಾಯಬಾಗ, ಅಥಣಿಯ ಈ ನಾಡು ಬಹುಕಾಲ ಬಿಜಾಪುರದ ಆದಿಲಶಾಹಿಗಳ ಕೈಯಲ್ಲಿತ್ತು. ಆಸ್ಥಾನದ ಭಾಷೆ ಫಾರ್ಸಿ. ಆದರೆ ಒಂದನೇ ಇಬ್ರಾಹಿಂ ಆದಿಲಶಹಾ ಕಂದಾಯದ ಲೆಕ್ಕಪತ್ರಗಳನ್ನು ಫಾರ್ಸಿಯಿಂದ ಬಿಡಿಸಿ ಇಲ್ಲಿಯ ಜನರ ಭಾಷೆಗೆ ತಂದನೆಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಎರಡನೇ ಇಬ್ರಾಹಿಂ (ಆಳ್ವಿಕೆ 1580–1627) ತನ್ನ 'ಕಿತಾಬ್-ಎ-ನೌರಸ್' ಅನ್ನು ಬರೆದದ್ದು ದಖ್ಖನಿಯಲ್ಲಿ. ಬಿಜಾಪುರದ ಸೂಫಿ ಬುರ್ಹಾನುದ್ದೀನ್ ಜಾನಂ ಕೂಡ ದೀನಿನ ಮಾತನ್ನು ಹೇಳಿದ್ದು ಅದೇ ದಖ್ಖನಿಯಲ್ಲಿ. ಫಾರ್ಸಿ ಬಲ್ಲ ವಿದ್ವಾಂಸರ ಎದುರು ಇದು ಕೀಳು ಭಾಷೆ ಎನಿಸಿಕೊಳ್ಳುತ್ತಿದ್ದ ಕಾಲವದು. ನಾವು ಮನೆಯಲ್ಲಿ ಆಡುವ ಮಾತಿಗೆ ಇಷ್ಟು ದೊಡ್ಡ ಮನೆತನವಿದೆ ಎಂಬುದು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು? 'ಅದು ಕೆಟ್ಟ ಉರ್ದು' ಎಂದೇ ನಾವು ಅವರಿಗೆ ಕಲಿಸಿದ್ದೇವೆ. ಇತ್ತ ಕನ್ನಡದ ರೈತ, ತಾಲೂಕು, ಜಿಲ್ಲೆ, ಅರ್ಜಿ, ವಕೀಲ ಎಂಬ ಮಾತುಗಳೆಲ್ಲ ಅರಬ್ಬಿ-ಫಾರ್ಸಿಯ ದಾರಿಯಲ್ಲಿ ಬಂದವು. ಕಬ್ಬೂರಿನ ರೈತ ತಾಲೂಕು ಕಚೇರಿಗೆ ಅರ್ಜಿ ಕೊಟ್ಟರೆ ಆ ಒಂದು ವಾಕ್ಯದಲ್ಲೇ ನಾನೂರು ವರ್ಷ ಇದೆ.

ಕಂಪನಿ ಸರ್ಕಾರ 1837ರಲ್ಲಿ ಫಾರ್ಸಿಯನ್ನು ಕಚೇರಿ-ನ್ಯಾಯಾಲಯಗಳಿಂದ ತೆಗೆಯಿತು. ನಮ್ಮ ಸಮುದಾಯದ ಓದಿದ ಮನೆಗಳಿಗೆ ಅದು ದೊಡ್ಡ ಪೆಟ್ಟು. ಇತರರು ಹೊಸ ಭಾಷೆಗಳತ್ತ ಬೇಗ ತಿರುಗಿದರು, ನಾವು ತಡ ಮಾಡಿದೆವು. ಇದನ್ನು ಯಾರ ಮೇಲೂ ದೂರು ಹೇಳಲು ಬರೆಯುತ್ತಿಲ್ಲ. ಮರ್ಯಾದೆಯ ಭಾಷೆಯನ್ನು ಬಿಟ್ಟುಕೊಡುವುದು ಯಾರಿಗೂ ಸುಲಭವಲ್ಲ. ಅಂದಿನ ಬೆಳಗಾವಿ-ಧಾರವಾಡದ ಶಾಲೆಗಳಲ್ಲಿ ಕನ್ನಡಕ್ಕೂ ಹೆಚ್ಚಿನ ಸ್ಥಾನವಿರಲಿಲ್ಲ, ಬಹುಮಟ್ಟಿಗೆ ಮರಾಠಿಯದೇ ನಡೆಯುತ್ತಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥವರು ದುಡಿದ ಮೇಲೆ ಕನ್ನಡ ಶಾಲೆಗಳು ಹೆಚ್ಚಿದವು. ಅದಕ್ಕೂ ಮೊದಲೇ ಶಿಶುನಾಳದ ಶರೀಫರು (1819–1889) ಕನ್ನಡ ಕಲಿತು ಕೆಲಕಾಲ ಶಾಲಾ ಮಾಸ್ತರರೂ ಆಗಿದ್ದರು. ಅವರ ತತ್ವಪದಗಳ ಕೆಲವು ವಿಚಾರಗಳನ್ನು ನಮ್ಮಲ್ಲಿ ಒಪ್ಪದವರಿದ್ದಾರೆ. ಅದು ಬೇರೆ ಚರ್ಚೆ. ಆದರೆ ಅವರ ಕನ್ನಡವನ್ನು ಮೀರಿಸುವ ಕನ್ನಡ ಆ ಸೀಮೆಯಲ್ಲಿ ಯಾರದಿತ್ತು?

ಕಾಲೇಜಿನಲ್ಲಿ 'ಆಧುನಿಕ ಭಾಷೆ' ಎಂಬ ವಿಷಯ ಸುಲಭವಾಗಿ ಬಂದದ್ದಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಮುಂಬಯಿ ವಿಶ್ವವಿದ್ಯಾಲಯ 1857ರಲ್ಲಿ ಸ್ಥಾಪನೆಯಾಯಿತು. ನಮ್ಮ ಜಿಲ್ಲೆಯೂ ಅದರ ವ್ಯಾಪ್ತಿಯಲ್ಲಿತ್ತು. ಆದರೆ 1860ರ ದಶಕದಲ್ಲೇ ಅಲ್ಲಿ ದೇಶಭಾಷೆಗಳನ್ನು ಮೇಲಿನ ಪರೀಕ್ಷೆಗಳಿಂದ ಹೊರಗಿಟ್ಟರು. ಇಂಗ್ಲಿಷಿನ ಜೊತೆಗೆ ಸಂಸ್ಕೃತ, ಫಾರ್ಸಿ, ಅರಬ್ಬಿ, ಲ್ಯಾಟಿನ್‌ನಂಥ ಪ್ರಾಚೀನ ಭಾಷೆಗಳಿಗೆ ಮಾತ್ರ ಮನ್ನಣೆ. ಮನೆಯಲ್ಲಿ ಕನ್ನಡ, ಮರಾಠಿ, ಉರ್ದು ಆಡುವ ಹುಡುಗ ಕಾಲೇಜಿನಲ್ಲಿ ಅವುಗಳ ಒಂದು ಪುಟವನ್ನೂ ಓದದೆ ಪದವೀಧರನಾಗಬಹುದಿತ್ತು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಇದನ್ನು ಬದಲಿಸಲು ವರ್ಷಗಟ್ಟಲೆ ವಾದಿಸಿದರು. ಅವರು ತೀರಿಕೊಂಡ 1901ರ ಹೊತ್ತಿಗೆ ಎಂ.ಎ. ಪರೀಕ್ಷೆಯಲ್ಲಿ ದೇಶಭಾಷೆಗಳಿಗೆ ಸ್ವಲ್ಪ ಜಾಗ ಸಿಕ್ಕಿತು. ಮುಂದೆ 1918ರಲ್ಲಿ ಸ್ಥಾಪನೆಯಾದ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವಿನಲ್ಲೇ ಎಲ್ಲ ವಿಷಯ ಕಲಿಸಲು ತೊಡಗಿತು. 1919ರಲ್ಲಿ ಕಲಕತ್ತೆಯಲ್ಲಿ ಭಾರತೀಯ ಭಾಷೆಗಳ ಎಂ.ಎ., 1927ರಲ್ಲಿ ಮೈಸೂರಿನಲ್ಲಿ ಕನ್ನಡ ಎಂ.ಎ. ಆರಂಭವಾದವು. ನಮ್ಮ ಕಡೆ ಧಾರವಾಡದ ಕರ್ನಾಟಕ ಕಾಲೇಜು 1917ರದು, ಬೆಳಗಾವಿಯ ಲಿಂಗರಾಜ ಕಾಲೇಜು 1933ರದು. ಅಂದರೆ ಇಂದು ಅರ್ಜಿಯಲ್ಲಿ 'ಕನ್ನಡ', 'ಉರ್ದು' ಎಂದು ಮುದ್ರಿಸಿದ ಆ ಎರಡು ಶಬ್ದಗಳ ಹಿಂದೆ ಅರವತ್ತು-ಎಪ್ಪತ್ತು ವರ್ಷಗಳ ಜಗಳವಿದೆ.

ಹಾಗೆ ತೆರೆದ ಬಾಗಿಲಿನಲ್ಲಿ ನಮ್ಮವರು ಯಾರು ಹೋದರು? ನಮಗೆ ಹತ್ತಿರದ ಉದಾಹರಣೆ ಡಾ. ಎಂ. ಅಕಬರ ಅಲಿ. ಅವರು 1925ರಲ್ಲಿ ಹುಟ್ಟಿದ್ದು ಪಕ್ಕದ ಹುಕ್ಕೇರಿ ತಾಲೂಕಿನ ಉಳ್ಳಾಗಡ್ಡಿ-ಖಾನಾಪುರದಲ್ಲಿ. ಅದು ಕಬ್ಬೂರಿನಂಥದೇ ಒಂದು ಹಳ್ಳಿ. ಕನ್ನಡವನ್ನೇ ಓದಿದರು, ಕನ್ನಡದ ಪ್ರಾಧ್ಯಾಪಕರಾದರು, ಸರ್ವಜ್ಞನ ಮೇಲೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದರು, ಕವಿಯಾಗಿ ಹೆಸರಾದರು. ಸರ್ವಜ್ಞನನ್ನು ಕನ್ನಡಿಗರಿಗೆ ವಿವರಿಸಿದವರಲ್ಲಿ ಒಬ್ಬರು ನಮ್ಮ ಸೀಮೆಯ ಮುಸ್ಲಿಂ ಮನೆಯ ಮಗ. ಆದರೂ ನಮ್ಮ ಜಮಾತಿನ ಹುಡುಗರಲ್ಲಿ ಅವರ ಹೆಸರು ಬಲ್ಲವರು ಬೆರಳೆಣಿಕೆ. ಇದು ನಮ್ಮದೇ ತಪ್ಪು, ನಾವು ಹೇಳಿಕೊಡಲಿಲ್ಲ. ಅವರ ಮುಂದಿನ ತಲೆಮಾರಿನಲ್ಲಿ ತರೀಕೆರೆ ಸೀಮೆಯ ರಹಮತ್ ತರೀಕೆರೆ ಕನ್ನಡ ಎಂ.ಎ. ಓದಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಕರ್ನಾಟಕದ ಸೂಫಿಗಳ ಬಗ್ಗೆ ಊರೂರು ಅಲೆದು ಗ್ರಂಥ ಬರೆದರು. ಕನ್ನಡವನ್ನು ಶಾಸ್ತ್ರವಾಗಿ ಓದಿದ ಒಬ್ಬರು ಇಲ್ಲದಿದ್ದರೆ ನಮ್ಮ ದರ್ಗಾಗಳ, ನಮ್ಮ ಹಳ್ಳಿಗಳ ಆ ಚರಿತ್ರೆಯನ್ನು ಕನ್ನಡದಲ್ಲಿ ಬರೆಯುವವರು ಯಾರಿದ್ದರು?

ಹೆಣ್ಣುಮಕ್ಕಳ ಕಥೆ ಬೇರೆ. ಕಾಸರಗೋಡಿನ ಸಾರಾ ಅಬೂಬಕ್ಕರ್ ಕನ್ನಡ ಶಾಲೆಯಲ್ಲಿ ಓದಿದರು. ಮುಂದೆ ಓದುವ ಆಸೆಯಿತ್ತು, ಮದುವೆಯಾಯಿತು. ಕಾಲೇಜು ದಕ್ಕದಿದ್ದರೂ ಅವರು ಕಾದಂಬರಿಕಾರ್ತಿಯಾದರು. ಆದರೆ ಹಾಗೆ ಆಗದೆ ಉಳಿದ ನೂರಾರು ಹೆಣ್ಣುಮಕ್ಕಳನ್ನು ಯಾರೂ ಲೆಕ್ಕ ಇಟ್ಟಿಲ್ಲ. ಹಾಸನದಲ್ಲಿ 1948ರಲ್ಲಿ ಹುಟ್ಟಿದ ಬಾನು ಮುಷ್ತಾಕ್ ಅವರನ್ನು ಎಂಟನೇ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸುವಾಗ, ಆರು ತಿಂಗಳಲ್ಲಿ ಕನ್ನಡ ಓದಿ ಬರೆಯಲು ಕಲಿಯಬೇಕು ಎಂಬ ಷರತ್ತು ಹಾಕಿದ್ದರು. ಆ ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಝೈದ್(ರ) ಅವರ ಅರ್ಧ ತಿಂಗಳು ನಮಗೆ ನೆನಪಾಗುತ್ತದೆ. 2025ರ ಮೇ ತಿಂಗಳಲ್ಲಿ ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಜಗತ್ತು ಕನ್ನಡದ ಹೆಸರು ಕೇಳಿತು.

ನಮ್ಮ ಗಡಿಸೀಮೆಯ ಮಗುವಿಗೆ ಭಾಷೆಗಳ ಕೊರತೆಯಿಲ್ಲ. ಮನೆಯಲ್ಲಿ ದಖ್ಖನಿ, ಹೊಲದಲ್ಲಿ ಕನ್ನಡ, ನಿಪ್ಪಾಣಿಯ ಪೇಟೆಯಲ್ಲಿ ಮರಾಠಿ, ಮಕ್ತಬ್‌ನಲ್ಲಿ ಅರಬ್ಬಿ ಅಕ್ಷರ. ನಿಪ್ಪಾಣಿಗೆ ಅಂಟಿಕೊಂಡ ಅರ್ಜುನನಗರದ ದೇವಚಂದ ಕಾಲೇಜಿಗೆ ಹೋದರೆ ರಾಜ್ಯವೇ ಬದಲಾಗುತ್ತದೆ, ವಿಶ್ವವಿದ್ಯಾಲಯ ಕೊಲ್ಹಾಪುರದ್ದು. ಇತ್ತ ಬೆಳಗಾವಿಯಲ್ಲಿ 2010ರಿಂದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಿದೆ. ಇಷ್ಟಿದ್ದೂ ಏನಾಗುತ್ತಿದೆ? ನಾಲ್ಕೂ ಭಾಷೆ ಬಾಯಲ್ಲಿ ಬರುತ್ತವೆ, ಒಂದರಲ್ಲೂ ತಪ್ಪಿಲ್ಲದೆ ಒಂದು ಪುಟ ಬರೆಯಲು ಬರುವುದಿಲ್ಲ. ಉರ್ದು ಶಾಲೆಯಲ್ಲಿ ಓದಿದ ಹುಡುಗಿ ಪಿಯುಸಿಗೆ ಬಂದಾಗ ಪಾಠವೆಲ್ಲ ಕನ್ನಡದಲ್ಲಿ. ಮೊದಲ ಆರು ತಿಂಗಳು ಅರ್ಥವಾಗದೆ, ನಾಚಿಕೆಯಿಂದ ಕೇಳದೆ, ಕಡೆಗೆ ಮನೆಯಲ್ಲೇ ಉಳಿದುಬಿಡುತ್ತಾಳೆ. ಉರ್ದು ಬೇಡ ಎಂದು ನಾವು ಹೇಳುತ್ತಿಲ್ಲ. ಉರ್ದುವನ್ನೂ ಸರಿಯಾಗಿ ಓದಿದವರಿಲ್ಲದೆ ನಮ್ಮ ಮನೆಗಳ ಹಳೆಯ ಕಾಗದಪತ್ರಗಳನ್ನು ಓದುವವರೇ ಇಲ್ಲದಂತಾಗಿದೆ. ಅಟ್ಟದ ಮೇಲಿನ ಪೆಟ್ಟಿಗೆ ತೆರೆದು ನೋಡಿ, ಅಜ್ಜನ ಕೈಬರಹ ಎಷ್ಟು ಜನರಿಗೆ ಓದಲು ಬರುತ್ತದೆ?

ಈ ಬೇಸಿಗೆ ರಜೆಯಲ್ಲಿ, ಇನ್‌ಶಾ ಅಲ್ಲಾಹ್, ಉರ್ದು ಶಾಲೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳಿಗೆ ಅಸರ್ ನಮಾಝಿನ ನಂತರ ಕನ್ನಡ ಬರಹವನ್ನು, ಕನ್ನಡ ಶಾಲೆಯ ಮಕ್ಕಳಿಗೆ ಉರ್ದು ಓದುವುದನ್ನು ಕಲಿಸಬೇಕೆಂದು ಯೋಚಿಸಿದ್ದೇವೆ. ಬಿ.ಎ., ಎಂ.ಎ.ಯಲ್ಲಿ ಭಾಷೆ ಓದಿದ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ, ದಿನಕ್ಕೆ ಒಂದು ಗಂಟೆ ಅವರನ್ನು ಕಳಿಸಿಕೊಡಿ.