ಆಕ್ಸಿಜನ್ ಎಂಟೋ, ಹದಿನಾರೋ?

ಮಗಳ ಕೆಮಿಸ್ಟ್ರಿ ಹೋಂವರ್ಕಿಗೆ ನಾನೇ ಮೇಷ್ಟ್ರು. 4 ಗ್ರಾಂ ಹೈಡ್ರೋಜನ್ ಪೂರ್ತಿ ಉರಿದರೆ ಎಷ್ಟು ನೀರು ಬರುತ್ತೆ? ಹೈಡ್ರೋಜನ್ 1, ಆಕ್ಸಿಜನ್ 16 ಅಂತ ಹಾಕಿ ಎರಡೇ ನಿಮಿಷದಲ್ಲಿ 36 ಗ್ರಾಂ ಅಂದಳು. ಆಮೇಲೆ, "ಈ 16 ಯಾರು ಹೇಳಿದ್ದಪ್ಪಾ?" ಅಂತ ಕೇಳಿದಳು.

ಅದಕ್ಕೆ ಐವತ್ತು ವರ್ಷ ಹಿಡಿಯಿತು ನೋಡಿ! ನೀರಲ್ಲಿ ಎರಡರದೂ ಒಂದೊಂದೇ ಪರಮಾಣು ಅಂತ ಡಾಲ್ಟನ್ ಅಂದುಕೊಂಡಿದ್ದ. ಆ ಲೆಕ್ಕದಲ್ಲಿ ಆಕ್ಸಿಜನ್ 8 ಆಗುತ್ತೆ. ಆದರೆ ಎರಡು ಪಾಲು ಹೈಡ್ರೋಜನ್, ಒಂದು ಪಾಲು ಆಕ್ಸಿಜನ್ ಸೇರಿದರೆ ಎರಡು ಪಾಲು ನೀರಾವಿ ಬರುತ್ತಲ್ಲ? ಸಮ ಗಾತ್ರದ ಅನಿಲಗಳಲ್ಲಿ, ಉಷ್ಣತೆ ಒತ್ತಡ ಒಂದೇ ಇದ್ದರೆ, ಅಣುಗಳ ಸಂಖ್ಯೆಯೂ ಸಮ ಅಂತ 1811ರಲ್ಲಿ ಇಟಲಿಯ ಅವೊಗಾಡ್ರೊ ಹೇಳಿದ. ಹಾಗಾದರೆ ಆಕ್ಸಿಜನ್ ಅಣು ಎರಡಾಗಿ ಒಡೆಯಲೇಬೇಕು, ಅಂದರೆ ಅದರಲ್ಲಿ ಜೋಡಿ ಇರಬೇಕು. ಒಂದೇ ಜಾತಿಯ ಪರಮಾಣುಗಳು ಅಂಟಿಕೊಳ್ಳೋದೆಲ್ಲಿಂದ ಅಂತ ದೊಡ್ಡವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಗೊಂದಲ ಎಷ್ಟಿತ್ತು ಅಂದರೆ, 1861ರ ಪಠ್ಯಪುಸ್ತಕದಲ್ಲಿ ಕೆಕುಲೆ ಅಸಿಟಿಕ್ ಆಮ್ಲವೊಂದಕ್ಕೇ 19 ಸೂತ್ರಗಳನ್ನು ಪಟ್ಟಿ ಮಾಡಿದ್ದಾನೆ. ಪಾಪ, ಆಗಿನ ಮಕ್ಕಳು!

ನಾವಿರುವ ಈ ಜರ್ಮನಿಯ ಕಾರ್ಲ್ಸ್‌ರುಹೆಯಲ್ಲೇ 1860ರ ಸೆಪ್ಟೆಂಬರಿನಲ್ಲಿ ಮೂರು ದಿನ ರಸಾಯನಶಾಸ್ತ್ರಜ್ಞರ ಸಭೆ ಸೇರಿತು. ಅವೊಗಾಡ್ರೊನ ದಾರಿಯೇ ಸರಿ ಅಂತ ಕ್ಯಾನಿಜಾರೊ ವಾದಿಸಿದ. ತೀರ್ಮಾನವೇನೂ ಆಗಲಿಲ್ಲ, ಹೊರಡುವಾಗ ಅವನ ಪುಟ್ಟ ಪುಸ್ತಕ ಹಂಚಿದರು. ಅದನ್ನು ಓದಿ ಲೋಥರ್ ಮೆಯರ್ ಒಪ್ಪಿಕೊಂಡ. ಸಭೆಯಲ್ಲಿದ್ದ ಮೆಂಡಲೀವ್ ಒಂಬತ್ತು ವರ್ಷಗಳ ನಂತರ ಆವರ್ತ ಕೋಷ್ಟಕ ಕಟ್ಟಿದ್ದು ಇದೇ ಹೊಸ ತೂಕಗಳ ಮೇಲೆ.

ಅವೊಗಾಡ್ರೊ 1856ರಲ್ಲೇ ತೀರಿಹೋಗಿದ್ದ. ನಾವು ಬಾಯಿಪಾಠ ಮಾಡೋ ಅವೊಗಾಡ್ರೊ ಸಂಖ್ಯೆ ಎಷ್ಟು ಅಂತ ಅವನಿಗೆ ಗೊತ್ತೇ ಇರಲಿಲ್ಲ. ಅದಕ್ಕೆ ಅವನ ಹೆಸರಿಟ್ಟಿದ್ದು 1909ರಲ್ಲಿ, ಫ್ರಾನ್ಸಿನ ಪೆರಿನ್.